ಮಡಕೆಯೊಳಗಿನ ಹಾಳೆ

ಆ ದಿನ ಬೆಳಿಗ್ಗೆ ನಾನು ಪುಸ್ತಕವನ್ನು ತಲೆಕೆಳಗಾಗಿ ಇಟ್ಟೆ. ಬೇಕೆಂತಲೇ ಇಟ್ಟೆ. ಅಣ್ಣ ಬಂದು ಕೂತ, ಕೈ ಒರೆಸಿಕೊಂಡ, ಬರೆಯುವ ಗರಿಯ ತುದಿಯನ್ನು ಹೆಬ್ಬೆರಳಿನ ಉಗುರಿಗೆ ಒತ್ತಿ ನೋಡಿದ, ಪುಸ್ತಕದ ಕಡೆ ಒಮ್ಮೆ ಮುಖ ಮಾಡಿದ, ಬರೆಯತೊಡಗಿದ. ಮಧ್ಯಾಹ್ನದವರೆಗೆ ಬರೆದ. ಊಟಕ್ಕೆ ಎದ್ದು ಹೋದವನು ಮತ್ತೆ ಬಂದು ಕಿಟಕಿಯ ಬೆಳಕು ಗೋಡೆಯಿಂದ ಇಳಿದು ನೆಲಕ್ಕೆ ಬರುವವರೆಗೂ ಬರೆದ. ಪುಸ್ತಕ ತಲೆಕೆಳಗೇ ಇತ್ತು. ನಾನು ಮೂಲೆಯಲ್ಲಿ ಕೂತು ದಾರಕ್ಕೆ ಮೇಣ ಹಚ್ಚುತ್ತಿದ್ದೆ.

ನಮ್ಮದು ಹೀಬ್ರೂ ಧರ್ಮಗ್ರಂಥವನ್ನು ಕೈಯಿಂದ ನಕಲು ಮಾಡುವ ಮನೆ. ಅಪ್ಪ ಮಾಡುತ್ತಿದ್ದ, ಅಪ್ಪನ ಅಪ್ಪ ಮಾಡುತ್ತಿದ್ದ. ಹದ ಮಾಡಿದ ಚರ್ಮದ ಹಾಳೆಗಳು, ಹಕ್ಕಿಯ ಗರಿ, ಮಾಚಿಕಾಯಿ ಕುದಿಸಿ ತಯಾರಿಸಿದ ಕಪ್ಪು ಶಾಯಿ. ಹಾಳೆಗಳನ್ನೆಲ್ಲ ಪ್ರಾಣಿಯ ನರದ ದಾರದಿಂದ ಒಂದಕ್ಕೊಂದು ಹೊಲಿದು, ಎರಡು ಕಡೆ ಮರದ ಕೋಲು ಕಟ್ಟಿದರೆ ಒಂದು ಸುರುಳಿ ಆಯಿತು. ಹೇಳುವುದಕ್ಕೆ ಇಷ್ಟೆ. ಮಾಡುವುದಕ್ಕೆ ವರ್ಷಗಳು ಹಿಡಿಯುತ್ತವೆ.

ಈ ಕೆಲಸಕ್ಕೆ ಒಂದು ನಿಯಮವಿದೆ, ಹೊರಗಿನವರಿಗೆ ಅದು ಹುಚ್ಚಾಟದಂತೆ ಕಾಣಬಹುದು. ಬರೆಯುವವನಿಗೆ ಇಡೀ ಗ್ರಂಥ ಬಾಯಿಪಾಠವಾಗಿದ್ದರೂ ಒಂದೇ ಒಂದು ಪದವನ್ನೂ ಅವನು ನೆನಪಿನಿಂದ ಬರೆಯುವ ಹಾಗಿಲ್ಲ. ಎದುರಿಗೆ ಮೂಲ ಪುಸ್ತಕ ಇರಬೇಕು. ಪದವನ್ನು ನೋಡಬೇಕು, ಬಾಯಿಬಿಟ್ಟು ಹೇಳಬೇಕು, ಆಮೇಲೆ ಬರೆಯಬೇಕು. ಮುಂದಿನ ಪದಕ್ಕೆ ಮತ್ತೆ ತಲೆಯೆತ್ತಿ ನೋಡಬೇಕು. ಮೂರು ಲಕ್ಷಕ್ಕೂ ಮೀರಿದ ಅಕ್ಷರಗಳು, ಎಲ್ಲವೂ ಹೀಗೆಯೇ. ದೇವರ ಹೆಸರು ಬಂದಾಗ ಗರಿ ಕೆಳಗಿಟ್ಟು, ಕೈ ತೊಳೆದು, ಈಗ ಆ ಹೆಸರನ್ನು ಬರೆಯುತ್ತಿದ್ದೇನೆ ಎಂದು ಗಟ್ಟಿಯಾಗಿ ಹೇಳಿ ಬರೆಯಬೇಕು. ಬೇರೆ ಪದ ತಪ್ಪಿದರೆ ಚಾಕುವಿನಿಂದ ಕೆರೆದು ಸರಿಮಾಡಬಹುದು. ಆ ಹೆಸರನ್ನು ಮಾತ್ರ ಕೆರೆಯುವ ಹಾಗಿಲ್ಲ. ಅದು ಬರಬಾರದ ಜಾಗದಲ್ಲಿ ಬಂದುಬಿಟ್ಟರೆ ಆ ಹಾಳೆಯ ಕತೆ ಮುಗಿಯಿತು. ಸುಡುವಂತಿಲ್ಲ, ಬಿಸಾಡುವಂತಿಲ್ಲ. ಬಿಳಿ ಬಟ್ಟೆಯಲ್ಲಿ ಸುತ್ತಿ, ಮಣ್ಣಿನ ಮಡಕೆಯಲ್ಲಿಟ್ಟು, ಸತ್ತವರ ಪಕ್ಕದಲ್ಲಿ ಹೂಳಬೇಕು. ಬರೆದವನೇ ಮಡಕೆಯನ್ನು ಎರಡು ಕೈಯಲ್ಲಿ ಹಿಡಿದು, ಹಾಡಹಗಲಲ್ಲಿ, ನಡುಬೀದಿಯಲ್ಲಿ ನಡೆದುಕೊಂಡು ಹೋಗಬೇಕು.

ಬರೆಯತೊಡಗಿದ ಮೂವತ್ತೊಂದು ವರ್ಷದಲ್ಲಿ ನಮ್ಮಣ್ಣ ಒಂದು ಸಲವೂ ಮಡಕೆ ಹಿಡಿದಿರಲಿಲ್ಲ. ಊರಿನವರು ಅವನಿಗೆ ತಪ್ಪಿಲ್ಲದಪ್ಪ ಎಂದು ಹೆಸರಿಟ್ಟಿದ್ದರು. ಮೊದಮೊದಲು ಅದು ತಮಾಷೆಯಾಗಿತ್ತು, ಆಮೇಲೆ ಗೌರವವಾಯಿತು, ಕೊನೆಗೆ ಅಣ್ಣ ಅದನ್ನು ಮೈಮೇಲಿನ ಅಂಗಿಯಂತೆ ತೊಟ್ಟುಕೊಂಡುಬಿಟ್ಟ. ಬೀದಿಯಲ್ಲಿ ನಡೆಯುವಾಗ ಗಲ್ಲ ಎರಡು ಬೆರಳು ಮೇಲಿರುತ್ತಿತ್ತು. ಬರೆದ ಹಾಳೆಯನ್ನು ಪುಸ್ತಕದ ಜೊತೆ ತಾಳೆ ನೋಡುವುದು, ಆಮೇಲೆ ಹೊಲಿಯುವುದು ತಂಗಿಯಾದ ನನ್ನ ಕೆಲಸ. ಆದರೆ ಅಣ್ಣ ಹಾಳೆ ಕೊಡುವಾಗ "ಸರಿ ಇದೆಯಾ ನೋಡು" ಎಂದು ಯಾವತ್ತೂ ಹೇಳಿದವನಲ್ಲ. "ತಗೋ, ಹೊಲಿ" ಎನ್ನುತ್ತಿದ್ದ. ನಾನೂ ಹೊಲಿಯುತ್ತಿದ್ದೆ. ನೋಡುತ್ತಿದ್ದೆ ಎಂದು ಹೇಳಿದರೆ ಅದು ಅರ್ಧ ಸತ್ಯ. ಕಣ್ಣು ಹಾಳೆಯ ಮೇಲೆ ಹಾಯುತ್ತಿತ್ತು, ಮನಸ್ಸು ಮಾತ್ರ ಅಣ್ಣ ಬರೆದದ್ದು ತಾನೆ ಎಂದು ಕಾಲು ಚಾಚಿ ಮಲಗಿರುತ್ತಿತ್ತು.

ಮಡಕೆ ಹಿಡಿದವನು ನಮ್ಮ ತಮ್ಮ. ಹನ್ನೆರಡು ವರ್ಷದ ಹಿಂದೆ ಇದೇ ಕೋಣೆಯಲ್ಲಿ ಅಣ್ಣನ ಪಕ್ಕದ ಮೇಜಿನಲ್ಲಿ ಕೂತು ಬರೆಯುತ್ತಿದ್ದವನು ಒಂದು ದಿನ ಆ ಹೆಸರನ್ನು ಎರಡು ಸಲ ಬರೆದುಬಿಟ್ಟ. ತಾನೇ ಕಂಡುಹಿಡಿದು, ತಾನೇ ಬಂದು ಹೇಳಿದ. ಅಣ್ಣ ಹಾಳೆಯನ್ನು ನೋಡಿ, ಅವನ ಕೈ ನೋಡಿ, "ಈ ಕೈ ಅಂಗಡಿ ಬೋರ್ಡು ಬರೆಯೋಕೆ ಲಾಯಕ್ಕು" ಎಂದ. ತಮ್ಮ ಒಬ್ಬನೇ ಮಡಕೆ ಹೊತ್ತು ಹೋದ. ಅಣ್ಣ ಜೊತೆಗೆ ಹೋಗಲಿಲ್ಲ, ನನ್ನನ್ನೂ ಹೋಗಲು ಬಿಡಲಿಲ್ಲ. ಹೂತು ಬಂದ ತಮ್ಮ ತನ್ನ ಗರಿಗಳನ್ನು ಮೇಜಿನ ಮೇಲೆ ಸಾಲಾಗಿ ಜೋಡಿಸಿಟ್ಟು ಹೊರಟ. ಆಡಿದ ಮಾತನ್ನು ಆಶೀರ್ವಾದವೆಂದು ತಿಳಿದವನಂತೆ ನಿಜವಾಗಿಯೂ ಬೋರ್ಡು ಬರೆಯತೊಡಗಿದ. ಈಗ ಊರಿನ ಅರ್ಧ ಬೋರ್ಡುಗಳು ಅವನವೇ. ಚಪ್ಪಲಿ ಅಂಗಡಿ, ಕ್ಷೌರದ ಅಂಗಡಿ, ಹಲ್ಲಿನ ಡಾಕ್ಟರು, ಬಸ್ಸಿನ ಹಣೆಯ ಮೇಲಿನ ನಂಬರು. ಅಣ್ಣ ಬೀದಿಯಲ್ಲಿ ತಲೆಯೆತ್ತಿ ನಡೆಯುವುದಕ್ಕೆ ಗರ್ವ ಒಂದು ಕಾರಣ, ಆದರೆ ಕಣ್ಣನ್ನು ಬೋರ್ಡುಗಳಿಗಿಂತ ಇನ್ನೂ ಮೇಲೆ, ಮಾಳಿಗೆಗಳ ಅಂಚಿಗೆ ನೆಟ್ಟುಕೊಂಡು ನಡೆಯುವುದಕ್ಕೆ ಕಾರಣ ತಮ್ಮ.

ಪ್ರಾರ್ಥನಾ ಮಂದಿರದ ಹಳೆಯ ಸುರುಳಿ ನಾಲ್ಕು ವರ್ಷದ ಹಿಂದೆ ನೀರು ಕುಡಿದು ಹಾಳಾಯಿತು. ಅಂದಿನಿಂದ ಅಲ್ಲಿ ಗ್ರಂಥದ ಪೆಟ್ಟಿಗೆ ಖಾಲಿ. ಜನ ವಾರವಾರ ಬಂದು ಖಾಲಿ ಪೆಟ್ಟಿಗೆಯ ಎದುರು ನಿಂತು, ಅಚ್ಚಿನ ಪುಸ್ತಕ ಓದಿಕೊಂಡು ಹೋಗುತ್ತಿದ್ದರು. ಹೊಸದು ಬರೆಯುತ್ತಿದ್ದವನು ಅಣ್ಣ. ಗ್ರಂಥದ ಐದು ಭಾಗಗಳಲ್ಲಿ ಕೊನೆಯದರ ನಡುವಿಗೆ ಬಂದಿದ್ದ. ಇನ್ನು ಒಂದಷ್ಟು ಹಾಳೆಗಳು ಮುಗಿದರೆ ಊರೇ ಬಂದು ಹೊತ್ತುಕೊಂಡು ಹೋಗುವುದಿತ್ತು.

ಅವನು ನೋಡುವುದನ್ನು ಬಿಟ್ಟಿದ್ದಾನೆಂದು ನನಗೆ ಯಾವಾಗ ಗೊತ್ತಾಯಿತು? ಸುಳ್ಳು ಹೇಳುವುದಿಲ್ಲ, ಎಂಟು ತಿಂಗಳ ಹಿಂದೆಯೇ ಗೊತ್ತಾಗಿತ್ತು. ಒಂದು ದಿನ ಗುಡಿಸುವಾಗ ನೋಡಿದೆ, ಸ್ಟ್ಯಾಂಡಿನ ಮೇಲಿನ ಪುಸ್ತಕ ಮೂರು ದಿನದಿಂದ ಅದೇ ಪುಟದಲ್ಲಿತ್ತು. ಅಣ್ಣ ಬರೆದದ್ದು ಮಾತ್ರ ನಾಲ್ಕು ಪುಟದಷ್ಟು ಮುಂದೆ ಹೋಗಿತ್ತು. ನಾನು ಏನು ಮಾಡಿದೆ? ಕಸಪೊರಕೆ ಗೋಡೆಗೆ ಒರಗಿಸಿ, ಪುಟ ತಿರುವಿಟ್ಟೆ. ಮರುದಿನವೂ ತಿರುವಿಟ್ಟೆ. ಯಾರಾದರೂ ಬಂದರೆ ಪುಸ್ತಕ ಸರಿಯಾದ ಜಾಗದಲ್ಲಿ ತೆರೆದಿರಲಿ ಎಂದು ಎಂಟು ತಿಂಗಳು ತಿರುವಿದೆ. ಬಾಯಿಗೆ ಬೀಗ ಹಾಕಿಕೊಂಡಿದ್ದೆ. ತಪ್ಪಿಲ್ಲದಪ್ಪನ ತಂಗಿ ಎನಿಸಿಕೊಳ್ಳುವುದರಲ್ಲಿ ನನಗೂ ಸುಖವಿತ್ತು, ಅದನ್ನು ಈಗ ಹೇಳಿಬಿಡುತ್ತೇನೆ. ಅಂಗಡಿಯಲ್ಲಿ ನನಗೆ ಮೊದಲು ತೂಕ ಹಾಕಿಕೊಡುತ್ತಿದ್ದರು.

ಆದರೆ ನೆನಪಿನಿಂದ ಬರೆಯುತ್ತಿದ್ದಾನೆ ಎಂಬುದು ಒಂದು ಮಾತು, ಪುಸ್ತಕ ತಲೆಕೆಳಗಾದರೂ ಕಾಣುವುದಿಲ್ಲ ಎಂಬುದು ಬೇರೆಯೇ ಮಾತು. ಆ ಸಂಜೆ ಪುಸ್ತಕವನ್ನು ಮೆಲ್ಲಗೆ ನೆಟ್ಟಗೆ ತಿರುಗಿಸಿಟ್ಟೆ. ಮರುದಿನದಿಂದ, ಹೊಲಿಗೆ ಬಿಟ್ಟಿದೆ ಎಂಬ ನೆಪ ಹೇಳಿ, ಹೊಲಿದಿಟ್ಟ ಹಾಳೆಗಳನ್ನು ಹೊರಗೆ ತೆಗೆದೆ. ಎಂಟು ತಿಂಗಳಲ್ಲಿ ಬರೆದದ್ದನ್ನೆಲ್ಲ ಪದದ ಕೆಳಗೆ ಬೆರಳಿಟ್ಟು ಓದಿದೆ. ಮೊದಲ ಎರಡು ಹಾಳೆಗಳಲ್ಲಿ ಒಂದು ಚುಕ್ಕೆಯೂ ಆಚೀಚೆ ಇರಲಿಲ್ಲ. ಹೆಮ್ಮೆಯಾಯಿತು. ಮೂರನೆಯ ಹಾಳೆಯಲ್ಲಿ ಬೆರಳು ನಿಂತಿತು.

ಅಲ್ಲಿ ಒಂದು ಮಾತು ಬರುತ್ತದೆ. ನಿನ್ನ ದೇವರನ್ನು ಮರೆಯಬೇಡ ಎಂದು. ಅದಾದ ಮೇಲೆ ನಾಲ್ಕಾರು ಸಾಲು: ಹೊಟ್ಟೆ ತುಂಬಿ, ಒಳ್ಳೆಯ ಮನೆ ಕಟ್ಟಿ, ಇದ್ದದ್ದೆಲ್ಲ ಹೆಚ್ಚಿದಾಗ ನಿನ್ನ ಹೃದಯ ಉಬ್ಬೀತು, ಆಗ ಮರೆತೀಯೆ ಎಂದು. ಹೀಗೆ ಮರೆಯುವ ಮಾತು ದೇವರ ಹೆಸರಿನ ಜೊತೆಯಲ್ಲೇ ಎರಡು ಸಲ ಬರುತ್ತದೆ. ಅಣ್ಣ ಮೊದಲ ಸಲದಿಂದ ನೇರ ಎರಡನೆಯದಕ್ಕೆ ಹಾರಿದ್ದ. ನಡುವಿನದೆಲ್ಲ ಬಿಟ್ಟುಹೋಗಿತ್ತು. ಪುಸ್ತಕದ ಮೇಲೆ ಕಣ್ಣಿದ್ದರೆ ಹೀಗಾಗುವುದಿಲ್ಲ. ಕಣ್ಣಿಲ್ಲದ ನೆನಪು ಮಾತ್ರ ಹೀಗೆ ಒಂದು ಮೆಟ್ಟಿಲಿನ ಬದಲು ಇನ್ನೊಂದರ ಮೇಲೆ ಕಾಲಿಡುತ್ತದೆ. ಬಿಟ್ಟುಹೋದ ಸಾಲುಗಳನ್ನು ಸೇರಿಸಬೇಕಾದರೆ ಮುಂದಿನದನ್ನೆಲ್ಲ ಕೆರೆಯಬೇಕು. ಮುಂದೆ ಆ ಹೆಸರು ಮತ್ತೆ ಮತ್ತೆ ಬರುತ್ತದೆ. ಕೆರೆಯುವಂತಿಲ್ಲ.

ನಾನು ಮೂರು ಸಲ ಓದಿದೆ. ಬಿಟ್ಟುಹೋದದ್ದು ಯಾವ ಮಾತು ಎಂದು ಆಗ ಹೊಳೆಯಿತು. ಮೂರು ಲಕ್ಷ ಅಕ್ಷರಗಳ ನಡುವೆ ಅಣ್ಣನ ಕೈ ಬಿಟ್ಟದ್ದು, ಹೃದಯ ಉಬ್ಬುವ ಆ ಒಂದು ಮಾತನ್ನು. ನನಗೆ ನಗು ಬಂತು.

ಹೇಳದೆ ಇರಬಹುದಿತ್ತು. ಮಂದಿರದ ಹಿರಿಯರು ಅಣ್ಣನ ಸುರುಳಿಯನ್ನು ಪರೀಕ್ಷೆ ಮಾಡುವುದಿಲ್ಲ, ಮುತ್ತಿಡುತ್ತಾರೆ. ಆದರೆ ಒಂದು ಪದ ಕಡಿಮೆಯಾದರೂ ಅದು ಸುರುಳಿಯಲ್ಲ, ಬರೀ ಚರ್ಮ. ಊರೆಲ್ಲ ಅದರ ಎದುರು ತಲೆಬಾಗುವುದನ್ನು, ನಾನು ಒಬ್ಬಳೇ ಗೊತ್ತಿದ್ದೂ ಗೊತ್ತಿದ್ದೂ ನೋಡುತ್ತ ನಿಲ್ಲುವುದನ್ನು ನೆನೆಸಿಕೊಂಡೆ. ಆ ಹಾಳೆಯ ದಾರ ಕತ್ತರಿಸಿ ಬೇರೆ ಮಾಡಿ, ಸೀದಾ ಹೋಗಿ ಅದನ್ನು ಅಣ್ಣನ ಮೇಜಿನ ಮೇಲೆ ಹಾಸಿದೆ.

"ಅಣ್ಣ, ಇದರಲ್ಲಿ ಸಾಲು ಬಿಟ್ಟುಹೋಗಿದೆ."

"ಯಾರು ಬರೆದದ್ದು?" ಎಂದ, ತಲೆಯೆತ್ತದೆ.

"ಇನ್ಯಾರು? ನೀನೇ."

"ಹಾಗಾದ್ರೆ ನೀನು ಓದಿದ್ದು ತಪ್ಪು. ಹೋಗಿ ಮುಖ ತೊಳ್ಕೊಂಡು ಬಂದು ಮತ್ತೆ ಓದು."

"ಮೂರು ಸಲ ಓದಿದೀನಿ. ನೀನೇ ಓದು ಬೇಕಾದ್ರೆ."

ಅಣ್ಣನಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಹಾಳೆಯನ್ನು ಕಿತ್ತುಕೊಂಡು ಕಿಟಕಿಯ ಹತ್ತಿರ ಹೋದ. ಬೆಳಕಿಗೆ ಹಿಡಿದ. ಹತ್ತಿರ ತಂದ, ದೂರ ಹಿಡಿದ, ತಲೆಯನ್ನು ಓರೆ ಮಾಡಿದ. ಕಿಟಕಿಯಾಚೆ ಯಾರೋ ಬಟ್ಟೆ ಒಣಹಾಕಿದ್ದರು, ಬಿಳಿಯ ಹಾಸುಗಳು ಸದ್ದಿಲ್ಲದೆ ಏಳುತ್ತ ಬೀಳುತ್ತ ಇದ್ದವು. ಆಮೇಲೆ ಹಾಳೆಯನ್ನು ನನ್ನ ಕಡೆ ಚಾಚಿದ.

"ಓದು," ಎಂದ.

ಓದಿದೆ. ಪುಸ್ತಕದಲ್ಲಿ ಇರುವುದನ್ನು ಒಮ್ಮೆ, ಹಾಳೆಯಲ್ಲಿ ಇರುವುದನ್ನು ಒಮ್ಮೆ. ಆ ಜಾಗಕ್ಕೆ ಬಂದಾಗ ಅವನ ತುಟಿಗಳು ನನಗಿಂತ ಮೊದಲೇ ಬಿಟ್ಟುಹೋದ ಮಾತುಗಳನ್ನು ಹೇಳಿಕೊಂಡವು. ಬಾಯಿಗೆ ಬರುತ್ತಿತ್ತು, ಕೈಗೆ ಬಂದಿರಲಿಲ್ಲ.

"ನಡುವೆ ಒಂದು ಬಿಳಿ ತೂತು ಕಣೆ," ಎಂದ ಮೆಲ್ಲಗೆ. "ಏನನ್ನ ನೋಡ್ತೀನೋ ಅದೇ ಕಾಣಲ್ಲ. ಅದರ ಸುತ್ತ ಇರೋದೆಲ್ಲ ಕಾಣುತ್ತೆ. ನಿನ್ನ ಕಿವಿ ಕಾಣುತ್ತೆ, ನಿನ್ನ ಮುಖ ಇಲ್ಲ."

"ಎಷ್ಟು ದಿನದಿಂದ?"

"ಲೆಕ್ಕ ಇಟ್ಟಿಲ್ಲ."

"ಒಂದು ಮಾತು ಹೇಳ್ಬಾರ್ದಿತ್ತಾ ಅಣ್ಣ?"

"ಹೇಳಿ? ಮನೇಲಿ ಕೂತ್ಕೊಂಡು ಗೋಡೆ ನೋಡ್ಲಾ? ನನ್ನ ಬಿಟ್ರೆ ಈ ಊರಲ್ಲಿ ಯಾರು ಬರೀತಾರೆ? ಕೆಲಸ ನಿಂತುಹೋಗ್ತಿತ್ತು. ನನಗೆ ಎಲ್ಲ ಬಾಯಿಗೆ ಬರುತ್ತೆ, ಕಣ್ಣು ಯಾಕೆ ಬೇಕು ಅಂದ್ಕೊಂಡೆ." ಕಿಟಕಿಯ ಕಡೆ ತಿರುಗಿ, "ಹೊಲಿದುಬಿಡು," ಎಂದ. "ಯಾರಿಗೂ ಗೊತ್ತಾಗಲ್ಲ."

ಆ ಮಾತು ಅವನ ಬಾಯಿಂದ ಬರುತ್ತದೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ತಮ್ಮನ ಗರಿಗಳು ಮೇಜಿನ ಮೇಲೆ ಸಾಲಾಗಿ ಮಲಗಿದ್ದದ್ದು ಕಣ್ಣಿಗೆ ಕಟ್ಟಿತು. ಸಿಟ್ಟು ನೆತ್ತಿಗೇರಿತು.

"ನಾನು ಹೊಲಿಯಲ್ಲ," ಎಂದೆ. "ನೀನೇ ಹೊಲ್ಕೋ. ಸೂಜಿ ಕಂಡ್ರೆ."

ಇಷ್ಟು ಕಠೋರವಾಗಿ ನಾನು ಅಣ್ಣನ ಜೊತೆ ಯಾವತ್ತೂ ಮಾತಾಡಿರಲಿಲ್ಲ. ನಾಲಿಗೆ ಕಚ್ಚಿಕೊಂಡೆ, ಆದರೆ ಮಾತು ಹಿಂದಕ್ಕೆ ಬರುವುದಿಲ್ಲವಲ್ಲ.

ಎರಡು ದಿನ ಮನೆಯಲ್ಲಿ ಮಾತಿರಲಿಲ್ಲ. ಅಣ್ಣ ಮೇಜಿನ ಮುಂದೆ ಕೂರಲೂ ಇಲ್ಲ, ಮಲಗಲೂ ಇಲ್ಲ, ಒಂದು ಕೋಣೆಯಿಂದ ಇನ್ನೊಂದಕ್ಕೆ ಗೋಡೆ ಸವರಿಕೊಂಡು ಓಡಾಡಿದ. ಶಾಯಿಯ ಮೇಲೆ ಕೆನೆ ಕಟ್ಟಿತು. ಮೂರನೆಯ ಮಧ್ಯಾಹ್ನ ಕುರ್ಚಿಯಲ್ಲಿ ಒರಗಿದವನಿಗೆ ನಿದ್ದೆ ಹತ್ತಿತು. ಮನೆಯೊಳಗೆ ಬಿಸಿಲಿನ ಧೂಳು ತೇಲುತ್ತಿತ್ತು. ನಾನು ತಟ್ಟೆ ತೊಳೆಯುತ್ತಿದ್ದಾಗ ಅವನು ಎದ್ದು ಬಂದು ಅಡುಗೆಮನೆಯ ಹೊಸ್ತಿಲ ಮೇಲೆ ಮಗುವಿನ ಹಾಗೆ ಕೂತ.

"ಒಂದು ಕನಸು ಬಿತ್ತು," ಎಂದ.

ಹಾಳೆ ಹೊಲದಷ್ಟು ದೊಡ್ಡದಾಗಿತ್ತಂತೆ. ಅಂಚು ಕಾಣದಷ್ಟು. ಅದರ ಮೇಲೆ ಅಣ್ಣ ಬರಿಗಾಲಿನಲ್ಲಿ ನಡೆಯುತ್ತಿದ್ದನಂತೆ. ಕಾಲಿಗೆ ಅಕ್ಷರಗಳು ತಗಲುತ್ತಿದ್ದವು, ಆಗತಾನೆ ಬರೆದಂತೆ ಒದ್ದೆಯಾಗಿ, ತಣ್ಣಗೆ. ಸುತ್ತಲೂ ದೂರದವರೆಗೆ ಎಲ್ಲವೂ ಸ್ಪಷ್ಟ, ಒಂದೊಂದು ಸಾಲೂ. ಕಾಲ ಕೆಳಗೆ ಮಾತ್ರ ಬಿಳಿ. ಅವನು ಎಲ್ಲಿ ಹೋದರೂ ಆ ಬಿಳಿ ಅವನ ಜೊತೆಯೇ ಬರುತ್ತಿತ್ತಂತೆ. ಎತ್ತರದಿಂದ ಯಾರೋ ಓದುತ್ತಿದ್ದರು, ನಿಧಾನವಾಗಿ, ಸಂತೋಷದಿಂದ, ಸಾಲಿನ ಮೇಲೆ ಸಾಲು. ಅಣ್ಣ ನಿಂತ ಜಾಗಕ್ಕೆ ಬಂದಾಗ ಓದು ನಿಂತಿತಂತೆ.

"ಬೈಲಿಲ್ಲ ಕಣೆ," ಎಂದ ಅಣ್ಣ. "ಬೈತಾರೆ ಅಂತ ಕುಗ್ಗಿಹೋಗಿದ್ದೆ. ಒಂದಿಷ್ಟೂ ಸಿಟ್ಟಿರಲಿಲ್ಲ ಆ ದನಿಯಲ್ಲಿ. 'ನೀನು ನಿಂತಿರೋ ಜಾಗದಲ್ಲಿ ಏನಿದೆಯೋ ಕಾಣ್ತಾ ಇಲ್ಲ, ಸ್ವಲ್ಪ ಪಕ್ಕಕ್ಕೆ ಸರಿ' ಅಂತು. ಅಷ್ಟೇ. ಬಸ್ಸಿನಲ್ಲಿ ಕೇಳ್ತಾರಲ್ಲ, ಹಾಗೆ."

"ಸರಿದ್ಯಾ?"

"ಸರಿಯೋಕೆ ಕಾಲೆತ್ತಿದೆ, ಎಚ್ಚರ ಆಯ್ತು."

ಅವನು ಅಳುತ್ತಿದ್ದ. ಅವನು ಅಳುವುದನ್ನು ನಾನು ಅಪ್ಪ ಹೋದಾಗ ಒಮ್ಮೆ ಮಾತ್ರ ಕಂಡಿದ್ದೆ. ಒದ್ದೆ ಕೈಯನ್ನೇ ಅವನ ತಲೆಯ ಮೇಲಿಟ್ಟೆ.

"ಮಡಕೆ ಇದೆಯಾ ಮನೇಲಿ?" ಎಂದು ಕೇಳಿದ.

ಇತ್ತು. ಅಪ್ಪನ ಕಾಲದ್ದು, ಒಲೆಯ ಮೇಲಿನ ಅಟ್ಟದಲ್ಲಿ, ನಾನು ಅದರಲ್ಲಿ ಈರುಳ್ಳಿ ಇಡುತ್ತಿದ್ದೆ. ಈರುಳ್ಳಿ ಸುರಿದು, ಮೂರು ನೀರಿನಲ್ಲಿ ತೊಳೆದು, ಬಿಸಿಲಿಗೆ ಬೋರಲು ಹಾಕಿದೆ. ಹಾಳೆಯ ಅಂಚಿನಲ್ಲಿ ಉಳಿದಿದ್ದ ದಾರವನ್ನು ಬಿಚ್ಚಿದೆ. ಬಿಚ್ಚುವಾಗ ನನ್ನದೇ ಹಳೆಯ ಹೊಲಿಗೆ ಎಷ್ಟು ಗಟ್ಟಿಯಾಗಿತ್ತೆಂದು ಗೊತ್ತಾಯಿತು. ಹಾಳೆಯನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಮಡಕೆಯೊಳಗೆ ಇಳಿಸಿದೆವು.

ಮರುದಿನ ಹತ್ತು ಗಂಟೆಗೆ ಹೊರಟೆವು. ಬೀದಿಯಲ್ಲಿ ಜನ ತುಂಬಿರುವ ಹೊತ್ತು ಅದು, ಅಣ್ಣನೇ ಆರಿಸಿದ್ದು. ಮಡಕೆ ಅವನ ಎದೆಗೆ ಒತ್ತಿತ್ತು. ನಾನು ತೋಳು ಹಿಡಿಯಲು ಹೋದರೆ "ಬೇಡ" ಎಂದ. ಹಳೆಯ ಚಾಳಿ, ಒಂದೇ ದಿನದಲ್ಲಿ ಹೋಗುತ್ತದೆಯೇ? ಹತ್ತು ಹೆಜ್ಜೆ ನಡೆದು ನಿಂತ.

"ದಾರಿ ಕಾಣಲ್ಲ," ಎಂದ. "ಎರಡೂ ಕಡೆ ಅಂಗಡಿ ಕಾಣುತ್ತೆ, ಜನ ಕಾಣ್ತಾರೆ. ನಾನು ಹೋಗ್ಬೇಕಾಗಿರೋ ಜಾಗ ಮಾತ್ರ ಕಾಣಲ್ಲ."

"ತೋಳು ಹಿಡ್ಕೊಳ್ಳಾ?"

"ಹಿಡ್ಕೋ."

ಮಡಕೆ ಎಂದರೆ ಏನೆಂದು ಊರಿಗೆ ಗೊತ್ತು. ಕ್ಷೌರದವನು ಕತ್ತರಿ ಗಾಳಿಯಲ್ಲಿ ಹಿಡಿದು ಬಾಗಿಲಿಗೆ ಬಂದು ನಿಂತ. ತೂಕ ಹಾಕುತ್ತಿದ್ದವಳು ತೂಕ ನಿಲ್ಲಿಸಿದಳು. ಬೀದಿಯ ಸದ್ದು ಒಂದೊಂದೇ ಅಂಗಡಿಯಾಗಿ ಆರಿಹೋಯಿತು, ದೀಪ ಆರಿಸಿಕೊಂಡು ಹೋದ ಹಾಗೆ. ನಮ್ಮ ಹೆಜ್ಜೆಯ ಸದ್ದೊಂದೇ ಉಳಿಯಿತು. ಬೆಳಕು ಹಾಲಿನ ಬಣ್ಣಕ್ಕಿತ್ತು. ನಾನು ನೆಲ ನೋಡುತ್ತಿದ್ದೆ. ಅಣ್ಣ ಮಾತ್ರ ತಲೆಯನ್ನು ಅತ್ತ ಇತ್ತ ತಿರುಗಿಸುತ್ತ, ಓರೆಗಣ್ಣಿನಲ್ಲಿ ಒಂದೊಂದೇ ಬೋರ್ಡನ್ನು ಓದುತ್ತ ಬರುತ್ತಿದ್ದ. ಹನ್ನೆರಡು ವರ್ಷ ನೋಡದ ಬೋರ್ಡುಗಳು.

"ಇದು ಅವನದಾ?" ಎಂದ. "ಹೂಂ." "ಇದೂ?" "ಇದೂ."

"ಚೆನ್ನಾಗಿದೆ," ಎಂದ. "ಅಪ್ಪನ ಕೈ ಇದು. ಆ ಕೊನೆಯ ಗೆರೆ ಎಳೆಯೋದು ನೋಡು. ನನಗೆ ಅದು ಯಾವತ್ತೂ ಬರಲಿಲ್ಲ."

ತಮ್ಮ ಬಸ್ ನಿಲ್ದಾಣದ ಎದುರಿನ ಔಷಧಿ ಅಂಗಡಿಯ ಮುಂದೆ ಏಣಿಯ ಮೇಲಿದ್ದ. ಬೀದಿ ಮೌನವಾದದ್ದು ಅವನಿಗೂ ತಗಲಿರಬೇಕು, ಕುಂಚ ಹಿಡಿದುಕೊಂಡೇ ತಿರುಗಿದ. ಮಡಕೆ ನೋಡಿದ. ಯಾರ ಕೈಯಲ್ಲಿದೆ ಎಂದು ನೋಡಿದ. ಅವನು ನಗಬಹುದಿತ್ತು, ಹಕ್ಕಿತ್ತು. ಬೆನ್ನು ತಿರುಗಿಸಿ ಬಣ್ಣ ಬಳಿಯುವುದನ್ನು ಮುಂದುವರಿಸಿದ್ದರೂ ನಾನು ಏನೂ ಅನ್ನುತ್ತಿರಲಿಲ್ಲ.

ಅವನು ಕುಂಚವನ್ನು ಡಬ್ಬಿಯಲ್ಲಿ ಅದ್ದಿಟ್ಟು ಇಳಿದ. ಪ್ಯಾಂಟಿಗೆ ಕೈ ಒರೆಸಿಕೊಳ್ಳುತ್ತ ಬಂದು ಅಣ್ಣನ ಇನ್ನೊಂದು ಪಕ್ಕದಲ್ಲಿ ನಿಂತ.

"ಯಾರು?" ಎಂದ ಅಣ್ಣ, ನೇರ ಅವನ ಮುಖವನ್ನೇ ನೋಡುತ್ತ.

"ನಾನು ಕಣಣ್ಣ."

ಅಣ್ಣ ತಲೆಯನ್ನು ಸ್ವಲ್ಪ ಆಚೆ ತಿರುಗಿಸಿದ. ನೋಡುವವರಿಗೆ ಮುಖ ತಿರುಗಿಸಿಕೊಂಡ ಎಂದೇ ಅನಿಸಿರಬೇಕು. ತಮ್ಮನ ಮುಖ ಕಂಡದ್ದು ಹಾಗೆ ತಿರುಗಿದಾಗಲೇ ಎಂದು ನನಗೆ ಮಾತ್ರ ಗೊತ್ತಿತ್ತು.

"ನರೆ ಬಂದಿದೆಯಲ್ಲೋ ನಿನಗೆ," ಎಂದ. ಆಮೇಲೆ, "ಅವತ್ತು ನಾನು ಬರಲಿಲ್ಲ. ನಿನ್ನ ಜೊತೆ. ಬರ್ಬೇಕಾಗಿತ್ತು."

"ಇವತ್ತು ನಾನು ಬರ್ತೀನಿ, ನಡಿ," ಎಂದ ತಮ್ಮ.

ಹೀಗೆ ಮೂವರೂ ಹೋದೆವು. ತಮ್ಮನೇ ಗುಂಡಿ ತೋಡಿದ. ಅಂದು ಅವನ ಮಡಕೆ ಹೂತ ಜಾಗದ ಪಕ್ಕದಲ್ಲೇ, ನನಗೆ ಗೊತ್ತಿರಲಿಲ್ಲ, ಅವನು ಅಲ್ಲಿ ಒಂದು ಸಣ್ಣ ಕಲ್ಲು ಇಟ್ಟಿದ್ದ. ಅಣ್ಣ ಮಂಡಿಯೂರಿ, ಮಡಕೆಯನ್ನು ತಾನೇ ಇಳಿಸಿ, ಕೈಯಿಂದ ಮಣ್ಣು ಎಳೆದ. ಎಳೆದು ಮುಗಿದ ಮೇಲೂ ಅಲ್ಲೇ ಕೂತಿದ್ದ. ಹುಲ್ಲಿನ ಮೇಲೆ ಗಾಳಿ ಮೆಲ್ಲಗೆ ಬೀಸುತ್ತಿತ್ತು. ಎಷ್ಟು ಹೊತ್ತು ಕೂತೆವೋ ತಿಳಿಯದು, ನೆರಳುಗಳು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗಿದ್ದವು.

"ಮರುಭೂಮಿಯಲ್ಲಿ ನಮ್ಮ ಹಿರೀಕರಿಗೆ ರೊಟ್ಟಿ ಆಕಾಶದಿಂದ ಬರ್ತಿತ್ತಲ್ಲ," ಎಂದ ಅಣ್ಣ, ಗ್ರಂಥದ ಆ ಭಾಗ ನೆನಪು ಮಾಡಿಕೊಳ್ಳುತ್ತ. "ಅವತ್ತಿಂದು ಅವತ್ತಿಗೆ. ನಾಳೆಗೆ ಅಂತ ಎತ್ತಿಟ್ರೆ ಹುಳ ಬೀಳ್ತಿತ್ತು. ನಾನು ಅದನ್ನ ಎಷ್ಟು ಸಲ ಬರೆದಿದೀನಿ. ಪುಸ್ತಕ ನೋಡು, ಒಂದೊಂದು ಪದಕ್ಕೂ ನೋಡು ಅನ್ನೋದೂ ಅದೇ ಅಲ್ವಾ? ಪದ ದೇವರ ಹತ್ರ ಇರುತ್ತೆ, ನೀನು ಕೇಳಿ ಕೇಳಿ ಇಸ್ಕೋಬೇಕು. ನಾನು ಎಲ್ಲಾನೂ ತಲೇಲಿ ಎತ್ತಿಟ್ಕೊಂಡಿದ್ದೆ. ಇನ್ನು ಕೇಳೋದೇನು ಅಂತ."

"ಸುರುಳಿ?" ಎಂದೆ ನಾನು. ನನಗೆ ಅದೇ ಚಿಂತೆ.

"ನಾನಿಲ್ದಿದ್ರೆ ನಿಂತುಹೋಗುತ್ತೆ ಅಂದ್ಕೊಂಡಿದ್ದೆ," ಎಂದ ಅಣ್ಣ. "ನಾನು ಹುಟ್ಟೋಕ್ಕಿಂತ ಮುಂಚೆ ಅದಿತ್ತು. ಅದನ್ನ ನಡೆಸ್ಕೊಂಡು ಬಂದಿರೋನು ನಾನಲ್ಲ. ದೇವರು ನೋಡ್ಕೋತಾನೆ." ಇಷ್ಟು ಹೇಳಿ ತಮ್ಮನ ಕಡೆ, ಅಂದರೆ ತಮ್ಮನ ಪಕ್ಕದ ಗಾಳಿಯ ಕಡೆ, ತಿರುಗಿದ. "ಬರೀತೀಯೇನೋ?"

ತಮ್ಮ ತನ್ನ ಕೈ ನೋಡಿಕೊಂಡ. ಉಗುರಿನಲ್ಲಿ ಕೆಂಪು ಬಣ್ಣ ಕೂತಿತ್ತು.

"ಇದು ಚಪ್ಪಲಿ ಅಂಗಡಿ ಕೈ ಅಣ್ಣ. ಮತ್ತೆ ತಪ್ಪಿದ್ರೆ?"

"ತಪ್ಪಿದ್ರೆ ಮಡಕೆ ತರೋಣ. ದಾರಿ ಗೊತ್ತಲ್ಲ ಈಗ."

ಹನ್ನೆರಡು ವರ್ಷದ ಮೇಲೆ ಮೂವರೂ ಒಟ್ಟಿಗೆ ನಕ್ಕದ್ದು ಸ್ಮಶಾನದಲ್ಲಿ.

ಕಣ್ಣಿನ ಡಾಕ್ಟರು ನೋಡಿ, ನಡುವಿನ ನೋಟ ಮರಳುವುದಿಲ್ಲ, ಅಂಚು ಉಳಿಯುತ್ತದೆ ಎಂದರು. ಉಳಿದ ಹಾಳೆಗಳನ್ನು ನಾನು ತಾಳೆ ನೋಡಿದೆ, ತಪ್ಪಿರಲಿಲ್ಲ; ನೆನಪಿನಿಂದ ಬರೆದದ್ದಾದರೂ ಬರೆದಾಗಿರುವುದರಿಂದ ನಡೆಯುತ್ತದೆ ಎಂದು ಮಂದಿರದ ಹಿರಿಯರು ಒಪ್ಪಿದರು. ತಮ್ಮ ಮೂರು ತಿಂಗಳು ಹಳೆಯ ಚರ್ಮದ ಚೂರುಗಳ ಮೇಲೆ ಕೈ ಪಳಗಿಸಿಕೊಂಡ. ಮೊದಲು ಹೂತ ಹಾಳೆಯ ಜಾಗಕ್ಕೆ ಹೊಸದನ್ನು ಬರೆದ, ಆಮೇಲೆ ಉಳಿದದ್ದನ್ನು. ಅಣ್ಣ ಪಕ್ಕದಲ್ಲಿ ಕೂತಿರುತ್ತಿದ್ದ. ಸುಮ್ಮನಿರುವುದು ಅವನಿಗೆ ಸುಲಭವಾಗಿರಲಿಲ್ಲ. ತಮ್ಮ ಪುಸ್ತಕ ನೋಡುವ ಮೊದಲೇ ಮುಂದಿನ ಪದ ಅವನ ಬಾಯಿಗೆ ಬಂದುಬಿಡುತ್ತಿತ್ತು.

"ಸುಮ್ನಿರಣ್ಣ," ಎನ್ನುತ್ತಿದ್ದ ತಮ್ಮ. "ನಾನು ನೋಡ್ಬೇಕು."

"ಹೌದು ಹೌದು, ನೋಡು," ಎಂದು ಅಣ್ಣ ತುಟಿಯ ಮೇಲೆ ಬೆರಳಿಟ್ಟುಕೊಳ್ಳುತ್ತಿದ್ದ. ಆಮೇಲಾಮೇಲೆ ತಮ್ಮ ಹೇಳುವ ಒಂದೊಂದು ಪದವನ್ನೂ ಕಣ್ಣು ಮುಚ್ಚಿಕೊಂಡು, ಯಾರೋ ಆಗಷ್ಟೇ ಕಳಿಸಿದ ಸುದ್ದಿಯ ಹಾಗೆ ಕೇಳತೊಡಗಿದ. ನೆನಪಿನಲ್ಲಿ ಅದು ಇಲ್ಲವೇನೋ ಎಂಬಂತೆ.

ಸುರುಳಿಯ ಕೊನೆಯ ಸಾಲನ್ನು ಬರೆಯುವವನು ಪೂರ್ತಿ ಮಾಡುವುದಿಲ್ಲ. ಅಕ್ಷರಗಳ ಅಂಚನ್ನು ಮಾತ್ರ ತೆಳುವಾಗಿ ಎಳೆದಿಡುತ್ತಾನೆ. ಒಳಗೆ ಶಾಯಿ ತುಂಬುವುದು ಊರಿನವರು, ತಲೆಗೊಂದು ಅಕ್ಷರದಂತೆ. ಅಣ್ಣನಿಗೆ ಮೊದಲಿಂದಲೂ ಈ ಪದ್ಧತಿ ಕಂಡರೆ ಆಗುತ್ತಿರಲಿಲ್ಲ. ಹಿಟ್ಟು ನಾದುವ ಕೈ, ಮೀನು ಕೊಯ್ಯುವ ಕೈ ಎಲ್ಲ ಬಂದು ನನ್ನ ಸಾಲನ್ನು ಕೆಡಿಸುತ್ತವೆ ಎಂದು ಹಲ್ಲು ಕಡಿಯುತ್ತಿದ್ದ. ಈ ಸಲ ಊರು ಬಂದು ಬಾಗಿಲಲ್ಲಿ ಸಾಲು ನಿಂತಾಗ ಅಣ್ಣ ಎದ್ದು ಹೋಗಿ ಸಾಲಿನ ಕೊನೆಯಲ್ಲಿ ನಿಂತ. ಅವನ ಮುಂದೆ ಇದ್ದವನು ಕ್ಷೌರದವನು.

"ನೀವು ಮುಂದೆ ಬನ್ನಿ ಯಜಮಾನ್ರೇ," ಎಂದ ಅವನು, ಗಾಬರಿಯಾಗಿ.

"ಸರದಿ ಬರಲಿ ಬಿಡಪ್ಪ," ಎಂದ ಅಣ್ಣ.

ಸರದಿ ಬಂದಾಗ ಸಂಜೆಯಾಗುತ್ತಿತ್ತು. ಉಳಿದಿದ್ದದ್ದು ಕೊನೆಯ ಅಕ್ಷರ ಒಂದೇ. ಅಣ್ಣ ಗರಿ ಹಿಡಿದ. ಅಕ್ಷರವನ್ನು ನೋಡಿದ, ನೋಡಿದ ಕೂಡಲೇ ಅದು ಅವನ ಪಾಲಿಗೆ ಮಾಯವಾಗಿರಬೇಕು, ಕೈ ಗಾಳಿಯಲ್ಲಿ ನಿಂತಿತು.

"ಹಿಡ್ಕೊಳ್ಳೋ," ಎಂದ ತಮ್ಮನಿಗೆ. "ನನಗೆ ಕಾಣಲ್ಲ. ನೀನು ನೋಡು, ನಾನು ನಿನ್ನ ಜೊತೆ ಬರ್ತೀನಿ."

ತಮ್ಮ ಅಣ್ಣನ ಮುಷ್ಟಿಯ ಮೇಲೆ ತನ್ನ ಕೈಯಿಟ್ಟ. ಪದವನ್ನು ಪುಸ್ತಕದಲ್ಲಿ ನೋಡಿ ಹೇಳಿದ, ಅಣ್ಣ ಅವನ ಹಿಂದೆ ಹೇಳಿದ. ಎರಡು ಕೈಗಳು ಒಟ್ಟಿಗೆ ಇಳಿದವು. ಶಾಯಿ ನಿಧಾನವಾಗಿ ಅಕ್ಷರದೊಳಗೆ ತುಂಬಿಕೊಂಡಿತು, ಒಂದು ಮೂಲೆಯಲ್ಲಿ ಕೂದಲೆಳೆಯಷ್ಟು ದಪ್ಪವಾಯಿತು.

ಜನ ಹೋದ ಮೇಲೆ ಅಣ್ಣ ಹಾಳೆಯ ಅಂಚನ್ನು ಸವರಿಕೊಂಡು ಹಿಡಿದು ಎತ್ತಿದ, ಶಾಯಿ ಒಣಗಿದೆಯೇ ಎಂದು ತಮ್ಮನನ್ನು ಕೇಳಿದ, ನಾನಿರುವ ಕಡೆ ಬಂದ. ನಾನು ಅಭ್ಯಾಸದಂತೆ ಸೂಜಿಯನ್ನು ಕೈಗೆ ತೆಗೆದುಕೊಂಡೆ. ತಗೋ, ಹೊಲಿ ಎನ್ನುತ್ತಾನೆಂದು ಕಾದೆ.

"ತಗೋ," ಎಂದ ಅಣ್ಣ. "ಸರಿ ಇದೆಯಾ ನೋಡಮ್ಮ."

ನಾನು ಸೂಜಿಯನ್ನು ಕೆಳಗಿಟ್ಟೆ. ಹಾಳೆಯನ್ನು ಕಿಟಕಿಯ ಹತ್ತಿರ ತೆಗೆದುಕೊಂಡು ಹೋಗಿ, ಪುಸ್ತಕವನ್ನು ಪಕ್ಕದಲ್ಲಿ ತೆರೆದಿಟ್ಟು, ಮೊದಲ ಪದದ ಕೆಳಗೆ ಬೆರಳಿಟ್ಟು ಓದತೊಡಗಿದೆ.